ಒಂದು ಗೇಟು, ಮೂರೂವರೆ ಗಾರ್ಡು: ಖಾಸಗಿ ಭದ್ರತೆಯ ಕಾನೂನು ಸೋರುವುದೆಲ್ಲಿ?

2025ರ ಜನವರಿ 16ರ ಬೆಳಿಗ್ಗೆ ಬೀದರ್‌ನ ಎಸ್‌ಬಿಐ ಮುಖ್ಯ ಶಾಖೆಯ ಎದುರಿಗೇ ಅದು ನಡೆಯಿತು. ಬೈಕಿನಲ್ಲಿ ಬಂದ ಇಬ್ಬರು, ಎಟಿಎಂಗೆ ತುಂಬಲು ಹಣ ಒಯ್ಯುತ್ತಿದ್ದ ಖಾಸಗಿ ಸಂಸ್ಥೆಯ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆಯೊಂದಿಗೆ ಪರಾರಿಯಾದರು. ಒಬ್ಬರು ಸತ್ತರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಆ ಇಬ್ಬರು ಮತ್ತೆ ಗುಂಡು ಹಾರಿಸಿದರು. ಬೀದರ್‌ನಲ್ಲಿ ಸತ್ತವರನ್ನು ಕೆಲವು ವರದಿಗಳು ‘ಸೆಕ್ಯೂರಿಟಿ ಗಾರ್ಡ್’ ಎಂದವು, ಕೆಲವು ‘ಏಜೆನ್ಸಿ ಸಿಬ್ಬಂದಿ’ ಎಂದವು. ಅವರೊಂದಿಗೆ ಗನ್‌ಮ್ಯಾನ್ ಇರಲಿಲ್ಲ ಎಂಬ ಸುದ್ದಿ ಬಂದಾಗ ಓದುಗರ ಗೊಂದಲ ಇನ್ನೂ ಹೆಚ್ಚಿತು. ಇರಬೇಕಿತ್ತೇ? ಇರಬೇಕೆಂದು ಹೇಳುವವರು ಯಾರು? ಇಲ್ಲದಿದ್ದರೆ ಕೇಳುವವರು ಯಾರು?

ಅದೇ ವರ್ಷ ನವೆಂಬರ್ 19ರಂದು ಬೆಂಗಳೂರಿನಲ್ಲಿ ₹7.11 ಕೋಟಿ ತುಂಬಿದ್ದ ಹಣದ ವಾಹನವನ್ನು, ರಿಸರ್ವ್ ಬ್ಯಾಂಕ್ ಅಧಿಕಾರಿಗಳೆಂದು ಹೇಳಿಕೊಂಡವರು ತಡೆದು ದೋಚಿದರು. ಬಂಧಿತರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್, ಒಬ್ಬ ಹಣ ಸಾಗಣೆ ಸಂಸ್ಥೆಯ ಮಾಜಿ ನೌಕರ. ಅಲ್ಲಿಗೆ ಪ್ರಶ್ನೆ ಹಣದ ಗಾಡಿಯನ್ನು ದಾಟಿ, ಕಲಬುರಗಿಯ ದವಾಖಾನೆ ಗೇಟಿನಲ್ಲಿ, ಸೇಡಂ–ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳಲ್ಲಿ, ಯಾದಗಿರಿಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಖಾಕಿಯನ್ನೇ ಹೋಲುವ ಬಟ್ಟೆ ತೊಟ್ಟು ನಿಂತವರವರೆಗೂ ಬಂತು. ಇವರನ್ನು ಕೆಲಸಕ್ಕಿಟ್ಟವರು ಯಾರು, ಪರೀಕ್ಷಿಸಿದವರು ಯಾರು, ನಿತ್ಯ ನಿಗಾ ಇಡುವವರು ಯಾರು?

ಚಿಕ್ಕ ಉತ್ತರ: ಕಾನೂನು ಇದೆ, ಸಾಕಷ್ಟು ವಿವರವಾಗಿಯೇ ಇದೆ. ಆದರೆ ಅದು ಏಜೆನ್ಸಿಯ ಕಚೇರಿ ಬಾಗಿಲಲ್ಲಿ ನಿಂತಿದೆ. ಗಾರ್ಡ್ ನಿಂತಿರುವುದು ಬೇರೆ ಬಾಗಿಲಲ್ಲಿ.

ಕಾನೂನು ಏನನ್ನು ನೋಡುತ್ತದೆ

ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ ಬಂದದ್ದು 2005ರಲ್ಲಿ. ಜಾರಿಯಾದದ್ದು 2006ರ ಮಾರ್ಚ್‌ನಲ್ಲಿ. ಏಜೆನ್ಸಿಯವರು ಇದನ್ನು ಇಂಗ್ಲಿಷ್ ಮೊದಲಕ್ಷರ ಕೂಡಿಸಿ ‘ಪಸಾರಾ’ ಎನ್ನುತ್ತಾರೆ. ‘ಪಸಾರಾ ಲೈಸೆನ್ಸ್ ಇದೆಯೇನು?’ ಎಂಬುದು ಈ ಧಂದೆಯ ಮೊದಲ ಪ್ರಶ್ನೆ. ಕೇಂದ್ರದ ಕಾಯ್ದೆಯಾದರೂ ಲೈಸೆನ್ಸ್ ಕೊಡುವುದು ರಾಜ್ಯ. ಗೃಹ ಇಲಾಖೆಯ ಜಂಟಿ ಕಾರ್ಯದರ್ಶಿಗಿಂತ ಕೆಳಗಿಲ್ಲದ ಅಥವಾ ಅದಕ್ಕೆ ಸಮಾನವಾದ ಹುದ್ದೆಯ ಅಧಿಕಾರಿಯನ್ನು ರಾಜ್ಯ ಸರ್ಕಾರ ‘ನಿಯಂತ್ರಣ ಪ್ರಾಧಿಕಾರಿ’ ಎಂದು ನೇಮಿಸಬೇಕು. ಕರ್ನಾಟಕ ತನ್ನ ನಿಯಮಗಳನ್ನು 2008ರಲ್ಲಿ ಮಾಡಿಕೊಂಡಿತು.

ಲೈಸೆನ್ಸ್ ಐದು ವರ್ಷಕ್ಕೆ. ಒಂದೇ ಜಿಲ್ಲೆಯಲ್ಲಿ ಕೆಲಸ ಮಾಡುವುದಾದರೆ ಶುಲ್ಕ ₹5,000. ಐದು ಜಿಲ್ಲೆಗಳವರೆಗೆ ₹10,000. ಇಡೀ ರಾಜ್ಯಕ್ಕೆ ₹25,000. ಪೊಲೀಸರಿಂದ ನಿರಾಕ್ಷೇಪಣೆ ಪಡೆದು 60 ದಿನಗಳೊಳಗೆ ಅರ್ಜಿ ತೀರ್ಮಾನಿಸಬೇಕು. ಗಾರ್ಡ್ ಆಗುವವರು ಭಾರತದ ಪ್ರಜೆಯಾಗಿರಬೇಕು, ವಯಸ್ಸು 18 ದಾಟಿ 65ರೊಳಗಿರಬೇಕು, ಪೂರ್ವಾಪರ ಪರಿಶೀಲನೆ ಆಗಿರಬೇಕು, ತರಬೇತಿ ಮುಗಿಸಿರಬೇಕು. ದುರ್ನಡತೆಗಾಗಿ ಸೇನೆಯಿಂದಲೋ ಪೊಲೀಸ್ ಇಲಾಖೆಯಿಂದಲೋ ವಜಾ ಆದವರನ್ನು ಸೇರಿಸಿಕೊಳ್ಳುವಂತಿಲ್ಲ. ಏಜೆನ್ಸಿ ಒಂದು ದಾಖಲೆ ಪುಸ್ತಕ ಇಡಬೇಕು. ಅದರಲ್ಲಿ ಪ್ರತಿ ಗಾರ್ಡಿನ ಹೆಸರು, ವಿಳಾಸ, ಫೋಟೊ, ಪಗಾರ ಎಲ್ಲವೂ ಇರಬೇಕು.

ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಅಥವಾ ₹25,000ದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಪಡೆದು ತರಬೇತಿ, ಅರ್ಹತೆಯ ನಿಯಮ ಮುರಿದರೂ ದಂಡದ ಮಿತಿ ಅದೇ ₹25,000. ಜೊತೆಗೆ ಲೈಸೆನ್ಸ್ ಅಮಾನತು ಅಥವಾ ರದ್ದಾಗಬಹುದು. ಇಡೀ ರಾಜ್ಯದ ಲೈಸೆನ್ಸ್ ಶುಲ್ಕ ಎಷ್ಟೋ ದಂಡದ ಮಿತಿಯೂ ಅಷ್ಟೇ. ಇದು 2005ರ ರೂಪಾಯಿ ಲೆಕ್ಕ. ಇಂದು ನೂರು ಗಾರ್ಡ್‌ಗಳಿರುವ ಏಜೆನ್ಸಿಗೆ ಒಂದು ದಿನದ ಪಗಾರವೂ ಆ ಮೊತ್ತಕ್ಕಿಂತ ಹೆಚ್ಚೇ ಆಗುತ್ತದೆ.

ಏಜೆನ್ಸಿಯ ಪುಸ್ತಕ, ಲೆಕ್ಕಪತ್ರ ನೋಡಲು ಪ್ರಾಧಿಕಾರಿ ಅಥವಾ ಆತ ಅಧಿಕಾರ ಕೊಟ್ಟ ಅಧಿಕಾರಿ ಸಮಂಜಸವಾದ ಯಾವುದೇ ಹೊತ್ತಿನಲ್ಲಿ ಹೋಗಬಹುದು. ಹೋಗುವುದೆಲ್ಲಿಗೆ? ಕಾಯ್ದೆಯ ಮಾತಿನಲ್ಲೇ ಹೇಳುವುದಾದರೆ ಏಜೆನ್ಸಿಯ ಆವರಣಕ್ಕೆ. ಅಲ್ಲಿ ಕಾಣುವುದು ಕಾಗದ ಮಾತ್ರ. ರಾತ್ರಿ ಎರಡು ಗಂಟೆಗೆ ಎಟಿಎಂ ಎದುರು ಕುರ್ಚಿಯಲ್ಲಿ ಕೂತವನು ಆ ಕಾಗದದಲ್ಲಿರುವವನೇ ಹೌದೋ ಅಲ್ಲವೋ ಎಂದು ಹೋಲಿಸಿ ನೋಡುವ ಕೆಲಸ ಯಾರ ದಿನಚರಿಯಲ್ಲೂ ಇಲ್ಲ.

ಸೀಟಿ ಎಡ ಜೇಬಿನಲ್ಲಿ

ಕೇಂದ್ರದ ಮಾದರಿ ನಿಯಮಗಳನ್ನು ಓದಿದರೆ ಗಾರ್ಡ್ ಎಂಬುವನ ಚಿತ್ರ ಅಚ್ಚರಿಯಾಗುವಷ್ಟು ಸ್ಪಷ್ಟವಾಗಿ ಮೂಡುತ್ತದೆ. ಗಂಡಸಾದರೆ 160 ಸೆಂ.ಮೀ. ಎತ್ತರ, 80 ಸೆಂ.ಮೀ. ಎದೆ, ಉಸಿರೆಳೆದರೆ ಇನ್ನೂ ನಾಲ್ಕು. ಹೆಂಗಸಾದರೆ 150 ಸೆಂ.ಮೀ. ಎತ್ತರ. ಆರು ನಿಮಿಷದಲ್ಲಿ ಒಂದು ಕಿಲೋಮೀಟರ್ ಓಡಬೇಕು. ಬಣ್ಣಗುರುಡು ಇರಬಾರದು. ತೋಳಿನ ಮೇಲೆ ಏಜೆನ್ಸಿಯ ಬಿಲ್ಲೆ, ಕಾಲಿಗೆ ಲೇಸ್ ಕಟ್ಟುವ ಬೂಟು, ದಾರಕ್ಕೆ ಕಟ್ಟಿದ ಸೀಟಿ ಎಡ ಜೇಬಿನಲ್ಲಿ. ಒಂದು ನೋಟ್‌ಬುಕ್, ಒಂದು ಪೆನ್ನು. ಎಲ್ಲರಿಗೂ ಕಾಣುವಂತೆ ಫೋಟೊ ಇರುವ ಗುರುತಿನ ಚೀಟಿ. ಪ್ರತಿ 12 ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ.

ತರಬೇತಿ 160 ತಾಸು: 100 ತಾಸು ತರಗತಿಯಲ್ಲಿ, 60 ತಾಸು ಮೈದಾನದಲ್ಲಿ, ಕನಿಷ್ಠ 20 ಕೆಲಸದ ದಿನಗಳಲ್ಲಿ. ಮಾಜಿ ಸೈನಿಕರಿಗೆ, ನಿವೃತ್ತ ಪೊಲೀಸರಿಗೆ 56 ತಾಸು ಸಾಕು. ಬೆಂಕಿ ಆರಿಸುವುದು, ಗುಂಪು ನಿಯಂತ್ರಿಸುವುದು, ಪ್ರಥಮ ಚಿಕಿತ್ಸೆ, ಬಾಂಬ್ ಗುರುತಿಸುವುದು, ಎಫ್‌ಐಆರ್ ದಾಖಲಿಸುವ ಕ್ರಮ, ಆತ್ಮರಕ್ಷಣೆಯ ಹಕ್ಕು ಎಲ್ಲವೂ ಪಠ್ಯದಲ್ಲಿವೆ. ಗುರುತಿನ ಚೀಟಿ ಪರೀಕ್ಷಿಸಲು ಇಂಗ್ಲಿಷ್ ಅಕ್ಷರ ಓದಲು ಬರಬೇಕು ಎಂದೂ ಇದೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ಬಜಾರಿನಲ್ಲಿ ಕೇಳುವ ಬೀದರ್‌ನಲ್ಲಿ ಗಲಾಟೆ ತಣ್ಣಗಾಗಿಸಲು ಯಾವ ಭಾಷೆ ಬೇಕು ಎಂಬುದನ್ನು ಮಾತ್ರ ಆ ನಿಯಮ ಕೇಳುವುದಿಲ್ಲ.

ಈಗ ಯಾವುದಾದರೂ ಗೇಟಿನ ಮುಂದೆ ನಿಂತು ನೋಡಿ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಲೇಸ್ ಬೂಟಿನ ಜಾಗದಲ್ಲಿ ಚಪ್ಪಲಿ. ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಎದೆಯ ಮೇಲೆ ಚೀಟಿ ಇಲ್ಲ. ಅಂಗಿಯ ತೋಳಿನ ಮೇಲಿನ ಬಿಲ್ಲೆ ಹಿಂದಿನ ಗುತ್ತೇದಾರನದು, ಏಕೆಂದರೆ ಟೆಂಡರ್ ಬದಲಾದರೂ ಅಂಗಿ ಬದಲಾಗಿಲ್ಲ. ಆ ಅಂಗಿಯನ್ನು ನಂಬಿದರೆ ಅವನು ಈಗ ಇಲ್ಲದ ಏಜೆನ್ಸಿಯ ನೌಕರ. ಕಾಯ್ದೆ ಹೇಳುವ ಗುರುತಿನ ಚೀಟಿಯ ಉದ್ದೇಶವೇ ಇದನ್ನು ತಪ್ಪಿಸುವುದು: ಕೆಲಸದಲ್ಲಿರುವಷ್ಟು ದಿನ ಮಾತ್ರ ಅದು ಊರ್ಜಿತ, ಬಿಟ್ಟಾಗ ಹಿಂತಿರುಗಿಸಬೇಕು.

ಬಟ್ಟೆಯ ವಿಚಾರ ಕ್ಷುಲ್ಲಕವೇನಲ್ಲ. ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನು, ಅದರಂತೆ ಕಾಣುವ ಉಡುಪನ್ನು ಗಾರ್ಡ್ ತೊಟ್ಟರೆ ಅವನಿಗೂ ಏಜೆನ್ಸಿ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಆಗಬಹುದು. ಕಾರಣ ಸರಳ. ಗಾರ್ಡಿಗೆ ಪೊಲೀಸ್ ಅಧಿಕಾರವಿಲ್ಲ. ಕಣ್ಣೆದುರಿಗೆ ಜಾಮೀನುರಹಿತ, ಸಂಜ್ಞೇಯ (ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ನಡೆದರೆ ಯಾವುದೇ ನಾಗರಿಕ ಅಪರಾಧಿಯನ್ನು ಹಿಡಿದು ಪೊಲೀಸರಿಗೆ ಒಪ್ಪಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅದಕ್ಕೆ ಆರು ತಾಸಿನ ಗಡುವು ಹಾಕಿದೆ. ಗಾರ್ಡಿಗೆ ಇರುವುದೂ ಅಷ್ಟೇ. ಬ್ಯಾಗು ತೆರೆದು ತೋರಿಸಲು ಕೇಳಬಹುದು, ಒಪ್ಪದಿದ್ದರೆ ಒಳಗೆ ಬಿಡದಿರಬಹುದು. ಹೊಡೆಯುವ, ಕೂಡಿಹಾಕುವ ಹಕ್ಕು ಅವನಿಗಿಲ್ಲ.

ಮೂರೂವರೆ ಗಾರ್ಡಿನ ಲೆಕ್ಕ

ಇಷ್ಟೆಲ್ಲ ಬರೆದಿಟ್ಟ ನಿಯಮ ಗೇಟಿನವರೆಗೆ ಬರುವಷ್ಟರಲ್ಲಿ ಕರಗುವುದೇಕೆ? ಭ್ರಷ್ಟಾಚಾರ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಅದಕ್ಕಿಂತ ಮುಂಚೆ ಒಂದು ಕೂಡು–ಗುಣಿಸು ಲೆಕ್ಕ ಮಾಡಬೇಕು.

ಒಂದು ಗೇಟನ್ನು ಹಗಲು ರಾತ್ರಿ ಕಾಯಬೇಕೆಂದರೆ ವಾರಕ್ಕೆ 168 ತಾಸು. ಒಬ್ಬ ಕಾರ್ಮಿಕ ವಾರಕ್ಕೆ ದುಡಿಯಬೇಕಾದದ್ದು 48 ತಾಸು. ಭಾಗಿಸಿದರೆ ಮೂರೂವರೆ. ಅಂದರೆ ಎಂಟೆಂಟು ತಾಸಿನ ಮೂರು ಪಾಳಿಗೆ ಮೂವರು, ವಾರದ ರಜೆ ತುಂಬಲು ಇನ್ನರ್ಧ ಆಳು. ಆದರೆ ನಮ್ಮಲ್ಲಿ ಗೇಟಿಗೆ ಸಾಮಾನ್ಯವಾಗಿ ಇರುವುದು ಇಬ್ಬರು: ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಒಬ್ಬ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇನ್ನೊಬ್ಬ. ಒಬ್ಬೊಬ್ಬನಿಗೆ ವಾರಕ್ಕೆ 84 ತಾಸು. ಇವನ ಬದಲಿಗೆ ಬರಬೇಕಾದವನು ಬಾರದಿದ್ದರೆ ‘ಡಬಲ್ ಡ್ಯೂಟಿ’, ಅಂದರೆ 24 ತಾಸು ಅದೇ ಕುರ್ಚಿ.

ಇಬ್ಬರನ್ನಿಟ್ಟರೆ ಅಗ್ಗ ಎಂದು ಎಲ್ಲರ ಭಾವನೆ. ಕಾನೂನಿನ ಪ್ರಕಾರ ನೋಡಿದರೆ ಅದು ದುಬಾರಿ. 48 ತಾಸಿನ ಮೇಲಿನ 36 ತಾಸು ಓವರ್‌ಟೈಮ್. ಅದಕ್ಕೆ ದುಪ್ಪಟ್ಟು ದರ ಕೊಡಬೇಕು, ಅಂದರೆ 72 ತಾಸಿನ ಕೂಲಿ. 48 ಕೂಡಿಸಿದರೆ ಒಬ್ಬನಿಗೆ 120, ಇಬ್ಬರಿಗೆ 240 ತಾಸಿನ ಕೂಲಿ. ಮೂರೂವರೆ ಜನರನ್ನಿಟ್ಟರೆ 168 ತಾಸಿನ ಕೂಲಿಯಲ್ಲಿ ಮುಗಿಯುತ್ತಿತ್ತು. ಸುಮಾರು 43 ಶೇಕಡಾ ದುಬಾರಿಯಾದ ದಾರಿ ಎಲ್ಲರಿಗೂ ಅಗ್ಗವಾಗಿ ಕಾಣುತ್ತಿದ್ದರೆ ಅದಕ್ಕೆ ಒಂದೇ ಕಾರಣ: ಓವರ್‌ಟೈಮನ್ನು ಯಾರೂ ಕೊಡುತ್ತಿಲ್ಲ.

ಟೆಂಡರ್ ದರದಲ್ಲೂ ಇದೇ ಕಥೆ. ಲೆಕ್ಕಕ್ಕೆ ಸುಲಭವಾಗಲೆಂದು ತಿಂಗಳ ಪಗಾರ ₹10,000 ಎಂದು ಹಿಡಿಯೋಣ. ಭದ್ರತಾ ಏಜೆನ್ಸಿ ನೌಕರರಿಗೆ ರಾಜ್ಯ ಗೊತ್ತುಪಡಿಸಿದ ಕನಿಷ್ಠ ವೇತನ ಇದಕ್ಕಿಂತ ಹೆಚ್ಚೇ ಇದೆ, ಊರಿನ ವಲಯದ ಮೇಲೆ ಬದಲಾಗುತ್ತದೆ. ಮಾಲೀಕರ ಪಾಲಿನ ಪಿಎಫ್ 12 ಶೇಕಡಾ ಎಂದರೆ ₹1,200. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ 3.25 ಶೇಕಡಾ ಎಂದರೆ ₹325. ಕನಿಷ್ಠ ಬೋನಸ್ 8.33 ಶೇಕಡಾ ಎಂದರೆ ₹833. ಇಲ್ಲಿಗೇ ₹12,358 ಆಯಿತು. ಗ್ರಾಚುಟಿ, ಅಂಗಿ–ಬೂಟು, ತರಬೇತಿ, ಸೂಪರ್‌ವೈಸರ್ ಪಗಾರ, ಏಜೆನ್ಸಿಯ ಲಾಭ ಇನ್ನೂ ಸೇರಿಲ್ಲ. ಬಿಲ್ಲಿನ ಮೇಲೆ 18 ಶೇಕಡಾ ಜಿಎಸ್‌ಟಿಯೂ ಇಲ್ಲ. ಇಂಥಲ್ಲಿ ಯಾರಾದರೂ ₹12,000ಕ್ಕೆ ಗಾರ್ಡ್ ಕೊಡುತ್ತೇನೆ ಎಂದರೆ ಆತ ದಾನಿಯಲ್ಲ. ವ್ಯತ್ಯಾಸದ ಹಣ ಗಾರ್ಡಿನ ಪಿಎಫ್‌ನಿಂದಲೋ, ವಾರದ ರಜೆಯಿಂದಲೋ, ಆಗದೇ ಆಗಿದೆ ಎಂದು ಬರೆದ 160 ತಾಸಿನ ತರಬೇತಿಯಿಂದಲೋ ಬರಬೇಕು. ಸೇವಾ ಶುಲ್ಕವನ್ನು ಸೊನ್ನೆಯ ಹತ್ತಿರ ನಮೂದಿಸಿ ಟೆಂಡರ್ ಗೆಲ್ಲುವ ಚಾಳಿ ಹಳೆಯದು. ಅದನ್ನು ಒಪ್ಪಿ ಸಹಿ ಹಾಕುವ ಕಚೇರಿಗೆ ಈ ಗಣಿತ ಗೊತ್ತಿಲ್ಲ ಎಂದರೆ ನಂಬುವುದು ಕಷ್ಟ.

ಹಾಜರಿ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಒಂದೇ ಶಾಯಿ, ಒಂದೇ ಕೈಬರಹ, ತಿಂಗಳ 30 ದಿನವೂ ‘8–8’. ವಾರದ ರಜೆಯ ಖಾನೆಯಲ್ಲೂ ಸಹಿ. ಕಾನೂನು ಮುರಿದದ್ದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಫೈಲುಗಳು ಭೇಟಿಯಾಗುವುದಿಲ್ಲ

ಒಬ್ಬ ಗಾರ್ಡಿನ ಮೇಲೆ ಎಷ್ಟು ಕಚೇರಿಗಳ ಕಣ್ಣಿರಬೇಕು ನೋಡಿ. ಲೈಸೆನ್ಸ್ ಗೃಹ ಇಲಾಖೆಯದು. ಪೂರ್ವಾಪರ ಪರಿಶೀಲನೆ ಠಾಣೆಯದು. ಪಗಾರ, ಕೆಲಸದ ತಾಸು ಕಾರ್ಮಿಕ ಇಲಾಖೆಯದು. ಪಿಎಫ್, ಇಎಸ್‌ಐ ಕೇಂದ್ರದ ಬೇರೆ ಬೇರೆ ಸಂಸ್ಥೆಗಳವು. ಕೈಯಲ್ಲಿ ಬಂದೂಕಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ಬೇರೆ. ಬ್ಯಾಂಕಿನ ಹಣವಾದರೆ ರಿಸರ್ವ್ ಬ್ಯಾಂಕಿನ ಸೂಚನೆಗಳು.

ಇವನ್ನು ಬೆಸೆಯುವ ಒಂದು ಕೊಂಡಿ ಕಾಯ್ದೆಯಲ್ಲೇ ಇದೆ, ಅದು ಸುದ್ದಿಗೆ ಬರುವುದೇ ಇಲ್ಲ. 2005ರ ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. ಕನಿಷ್ಠ ವೇತನ, ಪಿಎಫ್, ಬೋನಸ್, ಗ್ರಾಚುಟಿ, ಗುತ್ತಿಗೆ ಕಾರ್ಮಿಕ ಕಾಯ್ದೆಗಳ ಹೆಸರು ಅದರಲ್ಲಿವೆ. ಇವುಗಳಲ್ಲಿ ಯಾವುದನ್ನು ಉಲ್ಲಂಘಿಸಿದರೂ 13ನೇ ಕಲಮಿನಂತೆ ಏಜೆನ್ಸಿಯ ಲೈಸೆನ್ಸನ್ನೇ ರದ್ದು ಮಾಡಬಹುದು. ಅಂದರೆ ಗಾರ್ಡಿನ ಪಗಾರ ಕದ್ದರೆ ಭದ್ರತೆಯ ಧಂದೆಯಿಂದಲೇ ಹೊರಹಾಕುವ ಅಸ್ತ್ರ ಗೃಹ ಇಲಾಖೆಯ ಕೈಯಲ್ಲಿದೆ. ₹25,000ದ ದಂಡಕ್ಕಿಂತ ಸಾವಿರ ಪಾಲು ಹೆದರಿಸುವ ಅಸ್ತ್ರ ಇದು. ಆದರೆ ಅದನ್ನು ಎತ್ತಬೇಕಾದರೆ ಕಾರ್ಮಿಕ ನಿರೀಕ್ಷಕರ ವರದಿ ನಿಯಂತ್ರಣ ಪ್ರಾಧಿಕಾರಿಯ ಮೇಜು ತಲುಪಬೇಕು. ಕಡ್ಡಾಯವಾಗಿ ಹಾಗೆ ಕಳಿಸಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ.

2025ರ ನವೆಂಬರ್ 21ರಿಂದ ಕೇಂದ್ರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು, ಬೆಂಗಳೂರಿನ ದರೋಡೆ ನಡೆದ ಎರಡೇ ದಿನಕ್ಕೆ. ಅನುಸೂಚಿಯಲ್ಲಿದ್ದ ಹಳೆಯ ಕಾಯ್ದೆಗಳು ಈ ಸಂಹಿತೆಗಳೊಳಗೆ ಸೇರಿವೆ. ಹೊಸ ವ್ಯವಸ್ಥೆಯಲ್ಲಿ ನೇಮಕಾತಿ ಪತ್ರ ಕಡ್ಡಾಯ. ‘ನೀನು ನಮ್ಮವನೇ ಅಲ್ಲ’ ಎನ್ನುವ ಗುತ್ತೇದಾರನ ಎದುರು ಗಾರ್ಡಿಗೆ ಇದು ದೊಡ್ಡ ಆಸರೆ. ಇನ್ನೊಂದು ಬದಲಾವಣೆ ಅವನ ವಿರುದ್ಧ ಹೋಗುತ್ತದೆ. ಗುತ್ತಿಗೆ ಕಾರ್ಮಿಕರ ನಿಯಮಗಳು ಮೊದಲು 20 ಮಂದಿಯಿದ್ದರೂ ಅನ್ವಯವಾಗುತ್ತಿದ್ದವು, ಈಗ 50 ಮಂದಿ ಬೇಕು. ಬೀದರ್, ಯಾದಗಿರಿಯಂಥ ಕಡೆ ಮೂವತ್ತು–ನಲವತ್ತು ಜನರನ್ನಿಟ್ಟುಕೊಂಡ ಗುತ್ತೇದಾರರೇ ಹೆಚ್ಚು. ಅವರೆಲ್ಲ ಆ ಬಲೆಯಿಂದ ಹೊರಗೆ.

ಗಡಿಯ ತೊಡಕೂ ಉಂಟು. ಲೈಸೆನ್ಸ್ ಆಯಾ ರಾಜ್ಯದ್ದು. ಹೈದರಾಬಾದಿನಲ್ಲಿ ತೆಲಂಗಾಣದ ಲೈಸೆನ್ಸ್ ಪಡೆದ ಏಜೆನ್ಸಿ ಬೀದರ್‌ನಲ್ಲಿ ಒಬ್ಬ ಗಾರ್ಡನ್ನು ನಿಲ್ಲಿಸಬೇಕಾದರೂ ಕರ್ನಾಟಕದ ಲೈಸೆನ್ಸ್ ಬೇಕು. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಯಾವ ರಾಜ್ಯದ್ದೆಂದು ನೋಡುವ ಗಿರಾಕಿ ಅಪರೂಪ.

ಹಣದ ಗಾಡಿಗೆ ಬೇರೆಯೇ ನಿಯಮ

ಮತ್ತೆ ಬೀದರ್‌ಗೆ ಬರೋಣ. ಗನ್‌ಮ್ಯಾನ್ ಇರಬೇಕಿತ್ತೇ ಎಂಬ ಪ್ರಶ್ನೆಗೆ ಉತ್ತರ ಸಂದಿಗ್ಧವಲ್ಲ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು: ಹಣ ಸಾಗಿಸುವ ಪ್ರತಿ ವಾಹನದಲ್ಲಿ ಚಾಲಕನಲ್ಲದೆ ಇಬ್ಬರು ಹಣದ ಜವಾಬ್ದಾರರು, ಇಬ್ಬರು ಸಶಸ್ತ್ರ ಗಾರ್ಡ್‌ಗಳು. ಸೇವೆ ಕೊಡುವ ಸಂಸ್ಥೆಗೆ ಕನಿಷ್ಠ ₹100 ಕೋಟಿ ನಿವ್ವಳ ಸಂಪತ್ತು, 300 ವಾಹನಗಳು. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೂ ನಿಯಮ ಹೊರಡಿಸಿತು. ನಗರದಲ್ಲಿ ರಾತ್ರಿ 9ರ ನಂತರ, ಹಳ್ಳಿಗಳಲ್ಲಿ ಸಂಜೆ 6ರ ನಂತರ ಎಟಿಎಂಗೆ ಹಣ ತುಂಬುವಂತಿಲ್ಲ. ಒಂದು ಸುತ್ತಿನಲ್ಲಿ ₹5 ಕೋಟಿಗಿಂತ ಹೆಚ್ಚು ಒಯ್ಯುವಂತಿಲ್ಲ. ಹಣ ಏರಿಸುವಾಗ, ಇಳಿಸುವಾಗ, ಚಹಾ–ಊಟದ ಹೊತ್ತಿನಲ್ಲಿಯೂ ಕನಿಷ್ಠ ಒಬ್ಬ ಸಶಸ್ತ್ರ ಗಾರ್ಡ್ ವಾಹನದ ಬಳಿ ಇರಲೇಬೇಕು.

ಈ ಅಳತೆಗೋಲು ಹಿಡಿದರೆ ಬೆಂಗಳೂರಿನ ಗಾಡಿಯಲ್ಲಿದ್ದ ₹7.11 ಕೋಟಿಯೇ ಮಿತಿ ಮೀರಿದ ಹೊರೆ. ಆ ಪ್ರಕರಣ ಪೂರ್ವಾಪರ ಪರಿಶೀಲನೆಯ ಮಿತಿಯನ್ನೂ ತೋರಿಸಿತು. ಠಾಣೆ ಕೊಡುವ ವರದಿ ಹಿಂದಿನ ಅಪರಾಧಗಳನ್ನು ನೋಡುತ್ತದೆ. ಗಾಡಿ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ಯಾರ ಕಾವಲಿನಲ್ಲಿ ಹೋಗುತ್ತದೆ ಎಂದು ತಲೆಯಲ್ಲಿಟ್ಟುಕೊಂಡು ಕೆಲಸ ಬಿಟ್ಟುಹೋದವನ ಮೇಲೆ ಯಾವ ಠಾಣೆಯಲ್ಲೂ ಹಾಳೆ ಇರುವುದಿಲ್ಲ. ದಾರಿ, ಸಮಯ ಬದಲಾಯಿಸುತ್ತಲೇ ಇರಬೇಕೆಂಬ ನಿಯಮ ಇರುವುದೇ ಅದಕ್ಕೆ, ಆದರೆ ಎರಡು ಬ್ಯಾಂಕು, ನಾಲ್ಕು ರಸ್ತೆಗಳ ಊರಿನಲ್ಲಿ ಬದಲಾಯಿಸಲು ಇರುವ ದಾರಿಯೂ ಕಡಿಮೆ.

ಎಟಿಎಂ ಕಾವಲಿನ ಕಥೆಯೂ ಇದಕ್ಕೆ ಸೇರಿದ್ದೇ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ನಡೆದ ಮಚ್ಚಿನ ಹಲ್ಲೆಯ ನಂತರ ಪೊಲೀಸರು ಪಟ್ಟು ಹಿಡಿದು ಎಟಿಎಂಗಳಲ್ಲಿ ಗಾರ್ಡ್ ಇರಿಸಿದರು. ವರ್ಷಗಳು ಕಳೆದಂತೆ ಕುರ್ಚಿಗಳು ಖಾಲಿಯಾದವು, ಅವರ ಜಾಗಕ್ಕೆ ದೂರದ ಕೇಂದ್ರದಿಂದ ನೋಡುವ ಕ್ಯಾಮೆರಾ ಬಂತು. ಮೂರೂವರೆ ಗಾರ್ಡಿನ ಲೆಕ್ಕವೇ ಇಲ್ಲೂ ಕೆಲಸ ಮಾಡಿದ್ದು. 2025ರ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಗ್ಯಾಸ್ ಕಟರ್‌ನಿಂದ ಎಟಿಎಂ ಕೊಯ್ದಾಗ ಮತ್ತೆ ‘ಗಾರ್ಡ್ ಎಲ್ಲಿ’ ಎಂಬ ಪ್ರಶ್ನೆ ಎದ್ದಿತು.

ಯಾರ ವಾದ ಏನು

ಏಜೆನ್ಸಿಗಳ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. 20 ದಿನ ತರಬೇತಿ ಕೊಟ್ಟವನು ತೊಗರಿ ರಾಶಿಯ ಹೊತ್ತಿಗೆ ಊರಿಗೆ ಹೋಗುತ್ತಾನೆ, ಇಲ್ಲವೇ ₹500 ಹೆಚ್ಚು ಕೊಡುವ ಇನ್ನೊಬ್ಬನ ಬಳಿ ಸೇರುತ್ತಾನೆ. ತರಬೇತಿಯ ಖರ್ಚು ನೀರುಪಾಲು. ಸರ್ಕಾರಿ ಕಚೇರಿಗಳು ಮೂರು–ನಾಲ್ಕು ತಿಂಗಳು ಬಿಲ್ ತಡೆದರೆ ಸಣ್ಣ ಏಜೆನ್ಸಿ ಸಾಲ ಮಾಡಿ ಪಗಾರ ಕೊಡಬೇಕು. ಗಾರ್ಡ್‌ಗಳ ಮಾತು ಬೇರೆ: ನೇಮಕದ ಹೊತ್ತಿಗೆ ‘ಡ್ರೆಸ್ ದುಡ್ಡು’ ಎಂದು ಹಿಡಿಯುತ್ತಾರೆ, ಪಿಎಫ್ ಕಡಿತವಾಗುತ್ತದೆ, ಖಾತೆಯಲ್ಲಿ ಕಾಣುವುದಿಲ್ಲ, ಕೇಳಿದರೆ ನಾಳೆಯಿಂದ ಬರಬೇಡ. ಪೊಲೀಸರ ವಾದ, ಠಾಣೆಯಲ್ಲಿರುವ ಬೆರಳೆಣಿಕೆಯ ಸಿಬ್ಬಂದಿ ಬಂದೋಬಸ್ತು, ತನಿಖೆ ಬಿಟ್ಟು ಗೇಟು ಗೇಟಿಗೆ ಹೋಗಿ ಚೀಟಿ ನೋಡಲಾಗದು.

ಈ ಮೂವರೂ ಸಭೆಗಳಲ್ಲಿ ಸಿಗುತ್ತಾರೆ. ಸಿಗದವನು ನಾಲ್ಕನೆಯವನು: ಗಾರ್ಡನ್ನು ಕೊಳ್ಳುವ ಆಸ್ಪತ್ರೆ, ಬ್ಯಾಂಕು, ಕಾಲೇಜು, ಅಪಾರ್ಟ್‌ಮೆಂಟ್ ಸಂಘ. 2005ರ ಕಾಯ್ದೆಯಲ್ಲಿ ಇವನಿಗೆ ಕರ್ತವ್ಯವೂ ಇಲ್ಲ, ಶಿಕ್ಷೆಯೂ ಇಲ್ಲ. ಲೈಸೆನ್ಸ್ ಇಲ್ಲದ ಏಜೆನ್ಸಿಯಿಂದ ಗಾರ್ಡ್ ಪಡೆದರೆ ಏಜೆನ್ಸಿಯವನು ಜೈಲಿಗೆ ಹೋಗಬಹುದು, ಕೊಂಡವನಿಗೆ ಏನೂ ಆಗುವುದಿಲ್ಲ. ಕಾರ್ಮಿಕ ಕಾನೂನು ಮಾತ್ರ ಇವನನ್ನು ಬಿಟ್ಟಿಲ್ಲ. ಗುತ್ತೇದಾರ ಪಗಾರ ಕೊಡದಿದ್ದರೆ ಬಾಕಿಯ ಹೊಣೆ ಕೆಲಸ ಮಾಡಿಸಿಕೊಂಡ ಸಂಸ್ಥೆಯ ಮೇಲೆ ಬೀಳುತ್ತದೆ. ನನ್ನ ತಿಳಿವಳಿಕೆಯಲ್ಲಿ ಇಡೀ ವ್ಯವಸ್ಥೆ ಸೋರುತ್ತಿರುವ ಜಾಗ ಇದೇ. ದರ ನಿರ್ಧರಿಸುವವನು, ‘24 ತಾಸು, ಇಬ್ಬರು ಗಾರ್ಡ್’ ಎಂದು ಟೆಂಡರಿನಲ್ಲಿ ಬರೆಯುವವನು ಅವನು. ಆ ಒಂದು ಸಾಲಿನಲ್ಲೇ ಉಲ್ಲಂಘನೆ ಅಡಗಿದೆ.

ನೆರೆಯ ಮಹಾರಾಷ್ಟ್ರ ಬೇರೆ ದಾರಿ ಹಿಡಿದಿತ್ತು. ಅಲ್ಲಿನ 1981ರ ಕಾಯ್ದೆಯಂತೆ ಸರ್ಕಾರ, ಮಾಲೀಕರು, ಗಾರ್ಡ್‌ಗಳ ಪ್ರತಿನಿಧಿಗಳಿರುವ ಮಂಡಳಿಗಳಿವೆ. ಗಾರ್ಡ್ ಮಂಡಳಿಯಲ್ಲಿ ನೋಂದಾಯಿತ. ಕೊಂಡವರು ಪಗಾರವನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾರೆ. ಮಂಡಳಿ ಗಾರ್ಡಿಗೆ ಕೊಡುತ್ತದೆ. ನಡುವಿನ ಗುತ್ತೇದಾರನ ಕೈಗೆ ಪಗಾರ ಹೋಗುವುದೇ ಇಲ್ಲ. ಸಮಾನ ಸೌಲಭ್ಯ ಕೊಡುವ ಏಜೆನ್ಸಿಗಳಿಗೆ ವಿನಾಯಿತಿಯ ಬಾಗಿಲೂ ಇದೆ, ಅದರ ಸುತ್ತ ತಕರಾರುಗಳೂ ಇವೆ. ಮಂಡಳಿ ಬಂದ ಮಾತ್ರಕ್ಕೆ ಎಲ್ಲ ಸರಿಹೋಗದು. ಆದರೆ ಕೊಳ್ಳುವವನನ್ನು ಕಾನೂನಿನ ಒಳಗೆ ಎಳೆದು ತಂದದ್ದು ಅಲ್ಲಿನ ಮುಖ್ಯ ವ್ಯತ್ಯಾಸ.

ಬಿಗಿ ಮಾಡಿದರೆ ಏನಾಗಬಹುದು

ಪ್ರತಿ ದರೋಡೆಯ ನಂತರ ‘ಏಜೆನ್ಸಿಗಳ ಮೇಲೆ ಕಠಿಣ ಕ್ರಮ’ ಎಂಬ ಹೇಳಿಕೆ ಬರುತ್ತದೆ. ನಿಜಕ್ಕೂ ಕ್ರಮ ಕೈಗೊಂಡರೆ ಮೊದಲ ಪರಿಣಾಮ ಹೆಸರು ಬದಲಾವಣೆ. ಗಾರ್ಡ್ ಎಂದಿದ್ದವನು ಬಿಲ್ಲಿನಲ್ಲಿ ‘ಅಟೆಂಡರ್’, ‘ಹೌಸ್‌ಕೀಪಿಂಗ್ ಸಹಾಯಕ’ ಆಗುತ್ತಾನೆ. ಗೇಟು, ಕುರ್ಚಿ, ಸೀಟಿ ಅವೇ. ಎರಡನೆಯದು, ಏಜೆನ್ಸಿಯ ಸಹವಾಸವೇ ಬೇಡವೆಂದು ಅಪಾರ್ಟ್‌ಮೆಂಟುಗಳು, ಅಂಗಡಿಗಳು ವಾಚ್‌ಮನ್‌ನನ್ನು ನೇರವಾಗಿ ಇಟ್ಟುಕೊಳ್ಳುತ್ತವೆ. ನೇರ ನೇಮಕ 2005ರ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ, ಏಕೆಂದರೆ ಅದು ನಿಯಂತ್ರಿಸುವುದು ಏಜೆನ್ಸಿಯನ್ನು. ಹೀಗಾಗಿ ಕುಟುಂಬ ಸಮೇತ ಸೆಲ್ಲಾರಿನ ಕೋಣೆಯಲ್ಲಿರುವ ವಾಚ್‌ಮನ್‌ಗೂ, ರಾತ್ರಿ ಸೀಟಿ ಊದುತ್ತ ಬಡಾವಣೆ ಸುತ್ತಿ ತಿಂಗಳಿಗೊಮ್ಮೆ ಮನೆಮನೆಗೆ ಬರುವ ಗೂರ್ಖಾನಿಗೂ ಈ ತರಬೇತಿ, ಪರಿಶೀಲನೆ ಯಾವುದೂ ಕಡ್ಡಾಯವಲ್ಲ. ಇಟ್ಟುಕೊಂಡವರು ಬೇಕಿದ್ದರೆ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿಸಬಹುದು. ಅಂದರೆ ಏಜೆನ್ಸಿಗಳನ್ನಷ್ಟೇ ಹಿಂಡಿದರೆ ಜನ ನಿಯಮದ ಒಳಗಿನಿಂದ ಹೊರಕ್ಕೆ ಹರಿಯುತ್ತಾರೆ.

ಮೂರನೆಯದು ಖರ್ಚು. ಎಂಟು ತಾಸಿನ ಪಾಳಿ ನಿಜವಾಗಿ ಜಾರಿಯಾದರೆ ಒಂದು ಗೇಟಿಗೆ ಈಗ ಓವರ್‌ಟೈಮ್ ಇಲ್ಲದೆ ದುಡಿಯುವ ಇಬ್ಬರ ಜಾಗದಲ್ಲಿ ಮೂರೂವರೆ ಜನರ ಪಗಾರ, ಮುಕ್ಕಾಲು ಪಾಲು ಹೆಚ್ಚು. ನಲವತ್ತು ಮನೆಗಳ ಅಪಾರ್ಟ್‌ಮೆಂಟ್ ಅದನ್ನು ಹೇಗೋ ಹಂಚಿಕೊಂಡೀತು. ನೂರಾರು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಗೆ ಆ ಹಣ ಬಜೆಟ್ಟಿನಲ್ಲಿ ಬೇರೆಯಾಗಿ ಬರಬೇಕು. ಬಾರದಿದ್ದರೆ ಗೇಟುಗಳ ಸಂಖ್ಯೆ ಇಳಿಯುತ್ತದೆ. ವೈದ್ಯರ ಮೇಲಿನ ಹಲ್ಲೆಯ ಸುದ್ದಿ ಬಂದಾಗಲೆಲ್ಲ ಹೆಚ್ಚು ಗಾರ್ಡ್ ಕೇಳುವವರು, ಆ ಗಾರ್ಡ್‌ಗಳ ಟೆಂಡರ್ ದರ ನೋಡುವ ಹೊತ್ತಿಗೆ ಬೇರೆ ಕೋಣೆಯಲ್ಲಿರುತ್ತಾರೆ.

ಹೊಸ ಕಾಯ್ದೆಗೆ ಕಾಯದೆ ಮಾಡಬಹುದಾದದ್ದೂ ಇದೆ. 2019ರಿಂದ ಏಜೆನ್ಸಿ ಲೈಸೆನ್ಸಿಗೆ ಕೇಂದ್ರದ ಪೋರ್ಟಲ್ ಇದೆ. ಲೈಸೆನ್ಸನ್ನು ಏಜೆನ್ಸಿ ತನ್ನ ಕಚೇರಿಯಲ್ಲಿ ಎದ್ದು ಕಾಣುವಂತೆ ತೂಗುಹಾಕುವುದು ಕಡ್ಡಾಯ, ಅದರ ಮೇಲೆ ರಾಜ್ಯವೂ ಅವಧಿಯೂ ಬರೆದಿರುತ್ತದೆ. 15 ಗಾರ್ಡ್‌ಗಳಿಗೆ ಒಬ್ಬ ಸೂಪರ್‌ವೈಸರ್ ಇರಬೇಕೆಂದು ಮಾದರಿ ನಿಯಮ ಹೇಳುತ್ತದೆ. ಗಾರ್ಡ್‌ಗಳು ಬೇರೆ ಬೇರೆ ಜಾಗದಲ್ಲಿ ಚದುರಿದ್ದರೆ ಆರು ಮಂದಿಗೆ ಒಬ್ಬ. ಜಿಲ್ಲಾ ಆಸ್ಪತ್ರೆಯೋ ವಿಶ್ವವಿದ್ಯಾಲಯವೋ ಬಿಲ್ ಪಾವತಿಸುವ ಮೊದಲು ಆ ಸೂಪರ್‌ವೈಸರ್‌ನ ಹೆಸರು, ಹಿಂದಿನ ತಿಂಗಳ ಪಿಎಫ್ ಚಲನ್, ಗಾರ್ಡ್‌ಗಳ ಬ್ಯಾಂಕ್ ಖಾತೆಗೆ ಪಗಾರ ಹೋದ ಪಟ್ಟಿ ಕೇಳಿದರೆ ಸಾಕು. ಅದಕ್ಕೆ ಯಾವ ತಿದ್ದುಪಡಿಯೂ ಬೇಡ, ಬಿಲ್ ವಿಭಾಗದ ಗುಮಾಸ್ತ ಸಾಕು. ಆ ಪಟ್ಟಿಯಲ್ಲಿ ಒಂದೊಂದು ಗೇಟಿಗೆ ಎಷ್ಟು ಹೆಸರುಗಳಿವೆ ಎಂದು ಎಣಿಸಿದರೆ ಎರಡೋ, ಮೂರೂವರೆಯೋ ಅಲ್ಲೇ ಗೊತ್ತಾಗುತ್ತದೆ.